ಮೀಟರಿಗೆ ಜಾಮೀನು ನಿಂತ ನಾಲಿಗೆ

ಬೆಳಿಗ್ಗೆ ಏಳಕ್ಕೆ ಸರಿಯಾಗಿ ಅವನು ಬಾಯಿ ಮುಕ್ಕಳಿಸಿ, ಮುಖಕ್ಕೆ ಒಂದಿಷ್ಟು ಗಾಂಭೀರ್ಯ ಬಳಿದುಕೊಂಡು, ತೊಟ್ಟಿಯ ಕೋಣೆಗೆ ಬರುತ್ತಿದ್ದ. ಅಷ್ಟರಲ್ಲಿ ಅವನ ಅಕ್ಕ ಬಂದು ನಿಂತಿರುತ್ತಿದ್ದಳು. ಭಾವ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಗೋಡೆಗೆ ಒರಗಿರುತ್ತಿದ್ದ. ಹಣ್ಣು ಕೀಳುವ ಹೆಂಗಸರು ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಬಾಗಿಲಲ್ಲಿ ಇಣುಕುತ್ತಿದ್ದರು. ಅವನು ಯಾರ ಮುಖವನ್ನೂ ನೋಡದೆ ಸ್ಟೀಲಿನ ಚಮಚವನ್ನು ತೊಟ್ಟಿಯಲ್ಲಿ ಅದ್ದಿ, ಒಂದೇ ಒಂದು ಹನಿಯನ್ನು ನಾಲಿಗೆಯ ತುದಿಗೆ ಬಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಆಮೇಲೆ ಬೇಸಿನ್ನಿಗೆ ಉಗಿದು, ಎರಡು ಪಾಯಿಂಟ್ ನಾಲ್ಕು ಎನ್ನುತ್ತಿದ್ದ. ಗೋಡೆಯ ಮೇಲಿನ ಮೀಟರಿನಲ್ಲಿ ಕೆಂಪು ಅಂಕಿಗಳು ಅದನ್ನೇ ತೋರಿಸುತ್ತಿದ್ದವು.

ಹೆಂಗಸರು ಅವನನ್ನು ನಾಲಿಗೆ ಮಾಮ ಎಂದು ಕರೆಯುತ್ತಿದ್ದರು. ನಾವೂ ಮಾಮ ಎಂದೇ ಕರೆಯೋಣ, ಅವನಿಗೂ ಅದೇ ಇಷ್ಟ.

ಅಕ್ಕನದು ಹಿಡಿ ಮಣ್ಣಿಲ್ಲದ ತೋಟ. ಪ್ಲಾಸ್ಟಿಕ್ ಹೊದಿಸಿದ ಉದ್ದನೆಯ ಮನೆಯೊಳಗೆ ಹನ್ನೆರಡು ಸಾಲು ಬಿಳಿ ಕಾಲುವೆಗಳು, ಅವುಗಳಲ್ಲಿ ಹಗಲೆಲ್ಲ ಹರಿಯುವ ನೀರು, ನೀರಿನಲ್ಲಿ ಜಡೆಯಂತೆ ಇಳಿಬಿದ್ದ ಬೇರು. ಮೇಲೆ ಹುರಿ ಹಿಡಿದು ಏರಿದ ಟೊಮೆಟೊ ಬಳ್ಳಿ, ಬಳ್ಳಿಯ ತುಂಬ ಗೋಲಿ ಗಾತ್ರದ ಹಣ್ಣಿನ ಗೊಂಚಲು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಅಲ್ಲಿ ಯಾರೂ ಆಡುವಂತಿಲ್ಲ. ಕೆಸರು ಕಂಡರೆ ಅಕ್ಕ ಚಪ್ಪಲಿ ಹೊರಗೆ ಬಿಡಿಸುತ್ತಾಳೆ. ಗಿಡಕ್ಕೆ ಬೇಕಾದ ಗೊಬ್ಬರವೆಲ್ಲ ಲವಣದ ರೂಪದಲ್ಲಿ ತೊಟ್ಟಿಯ ನೀರಿನಲ್ಲಿ ಕರಗಿರುತ್ತದೆ. ಅಲ್ಲಿಯವರು ಅದನ್ನು ಉಪ್ಪು ಎನ್ನುತ್ತಾರೆ, ಅದನ್ನು ಅಳೆಯುವ ಯಂತ್ರವನ್ನು ಉಪ್ಪಿನ ಮೀಟರು ಎನ್ನುತ್ತಾರೆ. ಉಪ್ಪು ಕಡಿಮೆಯಾದರೆ ಗಿಡ ಬಡಕಲು, ಹೆಚ್ಚಾದರೆ ಬೇರು ಸುಟ್ಟು ಗಿಡ ಗೋತಾ. ಟೊಮೆಟೊಗೆ ಎರಡೂವರೆಯ ಆಸುಪಾಸು ಇದ್ದರೆ ಎಲ್ಲರಿಗೂ ಕ್ಷೇಮ.

ಮೀಟರಿನ ಕಡ್ಡಿ ಸದಾ ತೊಟ್ಟಿಯಲ್ಲಿ ಮುಳುಗಿರುತ್ತಿತ್ತು. ಅದನ್ನು ತಿಂಗಳಿಗೊಮ್ಮೆ ತೆಗೆದು ತೊಳೆಯಬೇಕು, ಬಾಟಲಿಯಲ್ಲಿ ಬರುವ ಅಳತೆಯ ನೀರಿನಲ್ಲಿ ಅದ್ದಿ ಸರಿಮಾಡಬೇಕು ಎಂದು ಅದರ ಜೊತೆ ಬಂದ ಪುಸ್ತಕದಲ್ಲಿ ಬರೆದಿತ್ತು. ಪುಸ್ತಕವನ್ನು ಪಂಪು ಅಲ್ಲಾಡದಿರಲೆಂದು ಅಕ್ಕ ಅದರ ಕಾಲಿನ ಕೆಳಗೆ ಇಟ್ಟಿದ್ದಳು. ಅವಳದು ಬೇರೆಯೇ ಕಾನೂನು. ಮೀಟರೂ ತಮ್ಮನೂ ಒಂದೇ ಅಂಕಿ ಹೇಳಿದರೆ ಎಲ್ಲ ಸರಿ; ಬೇರೆ ಬೇರೆ ಹೇಳಿದರೆ ಮೀಟರು ಸುಳ್ಳು, ಕಡ್ಡಿ ತೆಗೆದು ತೊಳಿ. ವರ್ಷಕ್ಕೆ ಮೂರು ನಾಲ್ಕು ಸಲ ಹಾಗಾಗುತ್ತಿತ್ತು. ಪ್ರತಿ ಸಲವೂ ತೊಳೆದ ಮೇಲೆ ಮೀಟರೇ ತಲೆತಗ್ಗಿಸಿ ಮಾಮ ಹೇಳಿದ ಅಂಕಿಗೆ ಬರುತ್ತಿತ್ತು.

ಈ ಮರ್ಯಾದೆ ಮಾಮನಿಗೆ ಸುಮ್ಮನೆ ಬಂದದ್ದಲ್ಲ, ಬರುವುದಕ್ಕೆ ನಲವತ್ತೈದು ವರ್ಷ ಹಿಡಿದಿತ್ತು. ಅದಕ್ಕೆ ಮೊದಲು ಅವನು ಟೈಲರ್ ಆಗಿದ್ದ. ಅಳತೆ ತೆಗೆದದ್ದು ಒಬ್ಬರದು, ಅಂಗಿ ಹಿಡಿಸಿದ್ದು ಇನ್ನೊಬ್ಬರಿಗೆ. ಕೋಳಿ ಸಾಕಿದ, ಒಂದೊಂದಕ್ಕೂ ಹೆಸರಿಟ್ಟು, ಮಾರುವ ದಿನ ಬಂದಾಗ ಗಿರಾಕಿಯ ಜೊತೆಯೇ ಜಗಳ ತೆಗೆದ. ಕಾರು ಓಡಿಸುವುದನ್ನು ಕಲಿಸುವ ಶಾಲೆ ತೆರೆದ. ಕಲಿತವರೆಲ್ಲ ಪರೀಕ್ಷೆ ಪಾಸಾದರು, ಕಲಿಸಿದವನು ಲೈಸೆನ್ಸ್ ನವೀಕರಣಕ್ಕೆ ಹೋಗಿ ಕಂಬಕ್ಕೆ ಗುದ್ದಿ ಬಂದ. ನೆಂಟರು ಸೇರಿದಲ್ಲೆಲ್ಲ ಅವನದೇ ಮಾತು, ಅವನದೇ ನಗು. ಅಕ್ಕನೂ ನಗುತ್ತಿದ್ದಳು, ದಂಡಪಿಂಡ ಅನ್ನುತ್ತಿದ್ದಳು. ಕೊನೆಗೆ ಕಾಲುವೆ ತೊಳೆಯುವ ಕೆಲಸಕ್ಕೆ ಅವಳೇ ಇಟ್ಟುಕೊಂಡಳು. ಒಂದು ದಿನ ತೊಳೆಯುವಾಗ ಮುಖಕ್ಕೆ ಚಿಮ್ಮಿದ ನೀರನ್ನು ನೆಕ್ಕಿ, ಇವತ್ತು ಉಪ್ಪು ಜಾಸ್ತಿ ಇದೆಯಲ್ಲ ಎಂದ. ನೋಡಿದರೆ ನಿಜ. ಅಂದಿನಿಂದ ಅವನಿಗೊಂದು ಕುರ್ಚಿ, ಆ ಕುರ್ಚಿಯಲ್ಲಿ ಇನ್ಯಾರೂ ಕೂರುವಂತಿಲ್ಲ.

ಒಪ್ಪದವನು ಒಬ್ಬನೇ, ಭಾವ. ಅವನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವನು. ಮೂವತ್ತೈದು ವರ್ಷ ಅಂಗಡಿ ಅಂಗಡಿಗೆ ನುಗ್ಗಿ ತಕ್ಕಡಿ ಹಿಡಿದು, ಸರಿಯಿದ್ದರೆ ಮುದ್ರೆ ಒತ್ತಿ, ಇಲ್ಲದಿದ್ದರೆ ದಂಡ ಹಾಕಿ ಬಂದ ಕೈ ಅದು. ನಾಲಿಗೆಗೆ ಮುದ್ರೆ ಒತ್ತುವುದು ಎಲ್ಲಿ? ಮೀಟರು ನೋಡಿಕೊಂಡೇ ಇವನು ಅಂಕಿ ಹೇಳುತ್ತಾನೆ ಎಂದು ಅವನಿಗೆ ಗುಮಾನಿ. ಅದಕ್ಕೇ ಅವನು, ಮಾಮ ಮೀಟರಿಗೆ ಬೆನ್ನು ಮಾಡಿ ನಿಂತೇ ರುಚಿ ನೋಡಬೇಕೆಂದು ಹಟ ಹಿಡಿದಿದ್ದ. ಮಾಮ ನಕ್ಕು ಬೆನ್ನು ಮಾಡಿದ. ಆಗೆಲ್ಲ ಅವನಿಗೆ ಅಂಜಿಕೆ ಏನಿತ್ತು?

ಹೀಗಿರುವಾಗ ಅವನಿಗೆ ಜ್ವರ ಬಂತು. ನಾಲ್ಕು ದಿನ ಮಲಗಿ ಐದನೆಯ ದಿನ ಎದ್ದ. ಜ್ವರ ಹೋಗುವಾಗ ಖಾಲಿ ಕೈಯಲ್ಲಿ ಹೋಗಿರಲಿಲ್ಲ. ಬಾಯಿಗೆ ಹಾಕಿದ್ದೆಲ್ಲ ಒದ್ದೆ ಬಟ್ಟೆ ಅಗಿದ ಹಾಗೆ. ಡಬ್ಬದಿಂದ ಒಂದು ಚಿಟಿಕೆ ಉಪ್ಪು ತೆಗೆದು ನಾಲಿಗೆಯ ಮೇಲೆ ಇಟ್ಟುಕೊಂಡ; ಮರಳು. ನಿಂಬೆಹಣ್ಣು ಕಚ್ಚಿದ, ಹಲ್ಲು ಜುಮ್ಮೆಂದಿತೇ ಹೊರತು ಹುಳಿ ಗೊತ್ತಾಗಲಿಲ್ಲ. ಡಾಕ್ಟರು ನಾಲಿಗೆ ಹೊರಗೆ ಹಾಕಿಸಿ ದೀಪ ಬಿಟ್ಟು ನೋಡಿ, ಬರುತ್ತೆ, ಒಂದು ತಿಂಗಳಿಗೂ ಬರಬಹುದು, ಒಂದು ವರ್ಷಕ್ಕೂ ಬರಬಹುದು, ಅವಸರ ಬೇಡ ಎಂದರು. ಡಾಕ್ಟರಿಗೆ ಯಾತರ ಅವಸರ.

ಅಕ್ಕನಿಗೆ ಹೇಳಿಬಿಡಬೇಕೆಂದೇ ಮರುದಿನ ತೊಟ್ಟಿಯ ಕೋಣೆಗೆ ಹೋದ. ಆಣೆ ಮಾಡಿ ಹೇಳುತ್ತೇನೆ, ಹೇಳಬೇಕೆಂದೇ ಹೋದ. ಆದರೆ ಅಲ್ಲಿ ಎಲ್ಲರೂ ಕಾದು ನಿಂತಿದ್ದರು. ನಾಲ್ಕು ದಿನ ಅವನಿಲ್ಲದೆ ಕೈಕಾಲೇ ಆಡಲಿಲ್ಲ ಎಂದು ಅಕ್ಕ ಎಲ್ಲರೆದುರು ಹೇಳಿಬಿಟ್ಟಳು. ಹುಟ್ಟಿದಾಗಿನಿಂದ ಅಕ್ಕ ಅವನಿಗೆ ಇಂಥ ಮಾತು ಹೇಳಿದ್ದಿಲ್ಲ. ಅವನು ಹನಿಯನ್ನು ನಾಲಿಗೆಗೆ ಬಿಟ್ಟುಕೊಂಡ. ಏನೂ ಇಲ್ಲ. ಕಣ್ಣು ತೆರೆದ. ಎದುರಿಗೆ ಉಪ್ಪಿನ ಚೀಲಗಳನ್ನಿಡುವ ಸ್ಟೀಲಿನ ಬೀರು. ಅದರ ಬಾಗಿಲಲ್ಲಿ, ಮಸುಕಾಗಿ, ಅವನ ಭುಜದ ಹಿಂದಿನಿಂದ ಇಣುಕುತ್ತಿದ್ದವು ಕೆಂಪು ಅಂಕಿಗಳು. ಬಾಯಿ ತಾನಾಗಿ ಎರಡು ಪಾಯಿಂಟ್ ಐದು ಎಂದಿತು.

ಇಲ್ಲೊಂದು ತಮಾಷೆಯಿದೆ. ಮೀಟರಿನ ಅಂಕಿಗಳು ಬೆಂಕಿಕಡ್ಡಿ ಜೋಡಿಸಿ ಬರೆದಂಥವು. ಅವನ್ನು ಕನ್ನಡಿಯಲ್ಲಿ ಹಿಡಿದರೆ ಎರಡು ಐದಾಗುತ್ತದೆ, ಐದು ಎರಡಾಗುತ್ತದೆ, ಹಿಂದಿನದು ಮುಂದೆ ಬರುತ್ತದೆ. ಹಾಗಾಗಿ ಎರಡೂವರೆಯನ್ನು ಕನ್ನಡಿಯಲ್ಲಿ ನೋಡಿದರೂ ಎರಡೂವರೆಯೇ. ಮೊದಲ ದಿನ ಮಾಮ ಬದುಕಿದ್ದು ಈ ಪುಣ್ಯದಿಂದ. ಉಳಿದ ಅಂಕಿಗಳಿಗೆ ಅಭ್ಯಾಸ ಬೇಕಿತ್ತು. ಮನೆಯಲ್ಲಿದ್ದ ಅಲಾರಾಂ ಗಡಿಯಾರವನ್ನು ಬಚ್ಚಲುಮನೆಯ ಕನ್ನಡಿಗೆ ಹಿಡಿದು, ತುಟಿ ಅಲ್ಲಾಡಿಸುತ್ತಾ ಅಂದು ರಾತ್ರಿಯೆಲ್ಲ ಪಾಠ ಮಾಡಿದ. ತೋಟದಲ್ಲಿ ದಿನಾ ಎಲ್ಲರಿಗಿಂತ ಮೊದಲು ಬಂದು ಬೀರುವಿನ ಬಾಗಿಲು ತಿಕ್ಕತೊಡಗಿದ. ತಾನು ಕುಡಿದ ಲೋಟವನ್ನೇ ತೊಳೆಯದವನಿಗೆ ಇಷ್ಟು ಶುಚಿ ಎಲ್ಲಿಂದ ಬಂತು ಎಂದು ಅಕ್ಕ ಬೆರಗಾದಳು. ಜ್ವರ ಬಂದು ಒಳ್ಳೆಯದೇ ಆಯಿತು ಎಂದಳು.

ಅಕ್ಕನ ಕಣ್ಣಿಗೆ ಮಣ್ಣೆರಚಬಹುದು, ಹೆಂಡತಿಯ ಕಣ್ಣಿಗೆ ಎರಚಲಾದೀತೇ? ಅದೂ ಅಡುಗೆ ಮಾಡುವ ಹೆಂಡತಿಯ ಕಣ್ಣಿಗೆ? ಇಪ್ಪತ್ತೆಂಟು ವರ್ಷ ಅವಳ ಕೈಯಡುಗೆಗೆ ದಿನಾ ಒಂದು ಕೊಂಕು ತೆಗೆದವನು, ಹದಿನೈದು ದಿನದಿಂದ ತಟ್ಟೆ ನೆಕ್ಕಿ ಎದ್ದು ಹೋಗುತ್ತಿದ್ದಾನೆ. ಒಂದು ದಿನ ಆಲೂಗಡ್ಡೆಗೆ ಉಪ್ಪು ಹಾಕಲು ಮರೆತಳು. ಅವನು ಚೆನ್ನಾಗಿದೆ ಎಂದ. ಅವಳಿಗೆ ಅಲ್ಲಿಗೇ ಅರ್ಧ ಅರ್ಥವಾಯಿತು. ಇನ್ನರ್ಧಕ್ಕಾಗಿ ಸಂಜೆಯ ಚಹಾಕ್ಕೆ ಸಕ್ಕರೆಯ ಬದಲು ಎರಡು ಚಮಚ ಉಪ್ಪು ಹಾಕಿ ಕೊಟ್ಟು, ಎದುರಿಗೆ ಕೂತು ನೋಡಿದಳು. ಅವನು ಸೊರ್‍ರೆಂದು ಹೀರಿ, ಇನ್ನರ್ಧ ಲೋಟ ಇದೆಯಾ ಎಂದು ಕೇಳಿದ. ಅವಳು ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು.

ನಕ್ಕು ಮುಗಿಸಿ ಬಂದು ವಿಚಾರಣೆ ನಡೆಸಿದಳು. ಅವನು ಎಲ್ಲವನ್ನೂ ಒಪ್ಪಿಕೊಂಡ, ಯಾರಿಗೂ ಹೇಳಬೇಡ ಎಂದು ಅಂಗಲಾಚಿದ. ಅವಳೇನೋ ಹೇಳಲಿಲ್ಲ. ಆದರೆ ಅಂದಿನಿಂದ ಆ ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಯಾರದು ಎಂಬ ಬಹುಕಾಲದ ಪ್ರಶ್ನೆ ಬಗೆಹರಿಯಿತು. ಅವನು ಸ್ವಲ್ಪ ಗೊಣಗಿದರೆ ಸಾಕು, ನಿಮ್ಮ ಅಕ್ಕನಿಗೆ ಒಂದು ಫೋನ್ ಮಾಡಲೇ ಎನ್ನುತ್ತಿದ್ದಳು.

ಇತ್ತ ತೊಟ್ಟಿಯಲ್ಲಿ ಏನಾಗುತ್ತಿತ್ತು ನೋಡಿ. ಮೀಟರಿನ ಕಡ್ಡಿಗೆ ದಿನದಿನಕ್ಕೂ ಉಪ್ಪಿನ ಪೊರೆ ಕಟ್ಟಿಕೊಳ್ಳುತ್ತಿತ್ತು. ಪೊರೆ ದಪ್ಪವಾದಂತೆ ಮೀಟರು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತಿತ್ತು. ಕಡಿಮೆ ತೋರಿಸಿದ್ದನ್ನೇ ಮಾಮ ಬೀರುವಿನಲ್ಲಿ ನೋಡಿ ಹೇಳುತ್ತಿದ್ದ. ಇಬ್ಬರ ಮಾತೂ ಒಂದೇ ಎಂದು ಅಕ್ಕ ನಿಶ್ಚಿಂತೆಯಿಂದ ಇನ್ನಷ್ಟು ಉಪ್ಪು ಸುರಿಯುತ್ತಿದ್ದಳು. ಮೊದಲಾದರೆ ಮಾಮ ಎಂದೋ ಜಗಳ ತೆಗೆದು ಕಡ್ಡಿ ತೊಳೆಸಿರುತ್ತಿದ್ದ. ಈಗ ಜಗಳವೇ ಇಲ್ಲ. ಎರಡು ಸಾಕ್ಷಿ ಎಂದು ಅವಳು ನಂಬಿದ್ದಳು. ಇದ್ದದ್ದು ಒಂದೇ ಸಾಕ್ಷಿ, ಅದೂ ಪೊರೆ ಬಂದ ಕಣ್ಣಿನದು.

ಗಿಡಗಳು ಸಾಯಬೇಕಿತ್ತಲ್ಲ, ಸಾಯಲಿಲ್ಲ. ಟೊಮೆಟೊ ಬಲು ಮೊಂಡು ಜಾತಿ. ಉಪ್ಪು ಹೆಚ್ಚಾಗಿ ನೀರು ಎಳೆಯಲಾಗದೆ ಒದ್ದಾಡಿದಷ್ಟೂ ಹಣ್ಣು ಸಣ್ಣದಾಯಿತು, ಗಟ್ಟಿಯಾಯಿತು, ಸಿಹಿಯಾಯಿತು. ಎಂಥ ಸಿಹಿ ಅಂತೀರಿ, ಒಂದು ತಿಂದವರು ಬುಟ್ಟಿಯಿಂದ ಕೈ ತೆಗೆಯುತ್ತಿರಲಿಲ್ಲ. ಕೀಳುವ ಹೆಂಗಸರ ಕೆನ್ನೆಗಳು ಸದಾ ಉಬ್ಬಿರತೊಡಗಿದವು. ಊರಿನ ದೊಡ್ಡ ಹೋಟೆಲಿನ ಮುಖ್ಯ ಅಡುಗೆಯವನು ಒಂದು ಪೆಟ್ಟಿಗೆ ತರಿಸಿಕೊಂಡವನು ಮರುದಿನ ಹತ್ತು ಪೆಟ್ಟಿಗೆ ಕೇಳಿದ. ಏನು ಮಾಡುತ್ತೀರಿ ಇದಕ್ಕೆ ಎಂದು ಫೋನಿನಲ್ಲಿ ವಿಚಾರಿಸಿದ. ಅಕ್ಕ, ಎಲ್ಲ ನನ್ನ ತಮ್ಮನ ನಾಲಿಗೆಯ ಪುಣ್ಯ ಎಂದಳು. ನಾಲಿಗೆ ಒಳ್ಳೇದಾದರೆ ನಾಡೆಲ್ಲ ಒಳ್ಳೇದು ಎಂಬ ಗಾದೆಯನ್ನು ಪೆಟ್ಟಿಗೆಗಳ ಮೇಲೆ ಅಚ್ಚು ಹಾಕಿಸುವ ಯೋಚನೆಯೂ ಅವಳಿಗೆ ಬಂತು.

ಭಾವನೇ ಮೆತ್ತಗಾದ. ಎಂಬತ್ತು ದಿನದ ಅಂಕಿಗಳನ್ನು ಹಾಳೆಯ ಮೇಲೆ ಬರೆದಿಟ್ಟಿದ್ದ. ಮೀಟರಿಗೂ ನಾಲಿಗೆಗೂ ಒಂದೇ ಒಂದು ದಿನವೂ ವ್ಯತ್ಯಾಸ ಬಂದಿರಲಿಲ್ಲ. ನನ್ನ ಸರ್ವಿಸಿನಲ್ಲಿ ಇಷ್ಟು ಸರಿಯಾದ ತಕ್ಕಡಿ ನೋಡಿಲ್ಲ ಎಂದು ಮಾಮನ ಬೆನ್ನು ತಟ್ಟಿದ. ಆ ಬೆನ್ನಿಗೆ ಮುಳ್ಳು ಚುಚ್ಚಿದ ಹಾಗಾಯಿತು. ಊರೆಲ್ಲ ಚಪ್ಪರಿಸುವ ಆ ಟೊಮೆಟೊವನ್ನು ಮಾಮ ಎಷ್ಟು ಸಲ ಬಾಯಿಗೆ ಹಾಕಿಕೊಂಡಿದ್ದನೋ. ಸಿಪ್ಪೆ ಸಿಡಿಯುತ್ತಿತ್ತು, ರಸ ಬರುತ್ತಿತ್ತು, ಅಷ್ಟೇ. ಅವನಿಗೆ ದುಃಖವಾಗುತ್ತಿತ್ತು, ಹೇಳಿಕೊಳ್ಳುವ ಹಾಗಿರಲಿಲ್ಲ.

ಮೂರು ತಿಂಗಳು ತುಂಬುವ ಹೊತ್ತಿಗೆ ಹನ್ನೆರಡನೆಯ ಸಾಲಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಎಲೆ ಬಾಡತೊಡಗಿತು. ಮಾಮನ ಹೆಂಡತಿ ಹಣ್ಣು ಆರಿಸಿ ಪೆಟ್ಟಿಗೆಗೆ ತುಂಬುವ ಕೆಲಸದಲ್ಲಿದ್ದಳು. ಅವಳೇ ಮೊದಲು ನೋಡಿದ್ದು. ಎಲೆಯ ಅಂಚು ಇಸ್ತ್ರಿ ತಾಗಿದಂತೆ ಕಂದಾಗಿತ್ತು. ಅವಳು ಅತ್ತಿತ್ತ ನೋಡಿ ಕಾಲುವೆಯ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು, ಥೂ ಎಂದು ಉಗಿದಳು. ನೇರವಾಗಿ ಗಂಡನ ಕುರ್ಚಿಯ ಹತ್ತಿರ ಬಂದಳು.

"ರೀ, ಆ ನೀರು ನನ್ನ ಬಾಯಿಗೇ ಗೊತ್ತಾಗೋಷ್ಟು ಉಪ್ಪಾಗಿದೆ. ನಾನು ಪಾತ್ರೆ ತೊಳೆಸಿದ್ದು ಸಾಕು, ಇನ್ನು ತಮಾಷೆ ಅಲ್ಲ ಇದು. ಗಿಡ ಸಾಯ್ತಿದಾವೆ."

ಅವನು ಹೋಗಿ ನೋಡಿದ. ಸಾಲಿನ ಕೊನೆಯಲ್ಲಿ ಒಂದು ಬೇರನ್ನು ಎತ್ತಿದ. ಬೆಳ್ಳಗಿರಬೇಕಾದದ್ದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಆದರೂ ಅವನೇನು ಅಷ್ಟು ಸುಲಭಕ್ಕೆ ಸೋಲುವವನಲ್ಲ. ರಾತ್ರಿಯೆಲ್ಲ ಮಗ್ಗುಲು ಬದಲಿಸಿ ಒಂದು ಉಪಾಯ ಹುಡುಕಿದ. ಅಕ್ಕನ ಕಾನೂನು ಇದೆಯಲ್ಲ! ತಾನು ಮೀಟರಿಗಿಂತ ಬೇರೆ ಅಂಕಿ ಹೇಳಿದರೆ ಸಾಕು, ಕಡ್ಡಿ ತೊಳೆಯುತ್ತಾರೆ, ಸತ್ಯ ಹೊರಗೆ ಬೀಳುತ್ತದೆ, ತನ್ನ ಮಾನವೂ ಉಳಿಯುತ್ತದೆ. ಮೂರು ತಿಂಗಳ ಸುಳ್ಳನ್ನು ಇನ್ನೊಂದು ಸುಳ್ಳಿನಿಂದ ತೊಳೆಯಬಹುದು ಎಂದುಕೊಂಡು ನಿದ್ದೆ ಹೋದ.

ಬೆಳಿಗ್ಗೆ ಹನಿ ಬಿಟ್ಟುಕೊಂಡು, ಹುಬ್ಬು ಗಂಟಿಕ್ಕಿ, ನಾಲ್ಕೂವರೆ ಎಂದ. ಮೀಟರು ಎರಡೂವರೆ ಎನ್ನುತ್ತಿತ್ತು. ಮೀಟರು ಕೆಟ್ಟಿದೆ, ಕಡ್ಡಿ ತೆಗೆದು ತೊಳೆಯಿರಿ ಎಂದು ಗಟ್ಟಿಯಾಗಿಯೇ ಹೇಳಿದ. ಅಕ್ಕ ಕಡ್ಡಿಗೆ ಕೈ ಹಾಕಲಿಲ್ಲ. ಅವನ ಹಣೆಗೆ ಕೈ ಇಟ್ಟಳು. ಮತ್ತೆ ಜ್ವರವೇನೋ ಎಂದಳು. ಭಾವ ತನ್ನ ಹಾಳೆ ಬಿಡಿಸಿ ಎಂಬತ್ತೇಳು ದಿನ ಈ ಮೀಟರಿಗೂ ನಿನಗೂ ಕೂದಲೆಳೆಯ ವ್ಯತ್ಯಾಸ ಇರಲಿಲ್ಲ, ಒಂದೇ ದಿನದಲ್ಲಿ ಎರಡರಷ್ಟು ವ್ಯತ್ಯಾಸ ಬರಬೇಕಾದರೆ ಕೆಟ್ಟಿರುವುದು ಮೀಟರಲ್ಲ, ನೀನು, ಹೋಗಿ ಮಲಗು ಎಂದ. ಅವನು ಆಡಿದ ಸುಳ್ಳುಗಳೆಲ್ಲ ಸಾಲಾಗಿ ನಿಂತು ಮೀಟರಿನ ಪರವಾಗಿ ಜಾಮೀನು ಕೊಟ್ಟವು. ಮಾಮ ಮನೆಗೆ ಹೋಗಿ ಮಲಗಿದ.

ಅಷ್ಟೇ ಆಗಿದ್ದರೆ ಇನ್ನೆರಡು ದಿನ ಹೇಗೋ ದೂಡುತ್ತಿದ್ದನೇನೋ. ಆದರೆ ಮರುದಿನ ಹೋಟೆಲಿನ ಅಡುಗೆಯವನು ಖುದ್ದಾಗಿ ಬರುವವನಿದ್ದ. ಇಡೀ ಋತುವಿನ ಹಣ್ಣೆಲ್ಲ ತನಗೇ ಕೊಡಬೇಕು, ಇನ್ನೂ ಒಂದು ಎಳೆ ಸಿಹಿ ಬಂದರೆ ಇನ್ನೂ ಚೆನ್ನ ಎಂದು ಹೇಳಿ ಕಳಿಸಿದ್ದ. ಹಾಗಾದರೆ ಉಪ್ಪನ್ನು ಎರಡೂವರೆಯಿಂದ ಮೂರೂವರೆಗೆ ಏರಿಸಿ ನೋಡೋಣ, ಅವರ ಎದುರಿಗೇ ಸುರಿಯೋಣ ಎಂದು ಅಕ್ಕ ತೀರ್ಮಾನಿಸಿದ್ದಳು. ಒಂದು ಚೀಲದ ಬಾಯಿ ಬಿಚ್ಚಿಯೂ ಇಟ್ಟಿದ್ದಳು. ಇದನ್ನು ಹೆಂಡತಿಯ ಬಾಯಲ್ಲಿ ಕೇಳಿದ ಮಾಮನಿಗೆ ಲೆಕ್ಕ ಹಾಕಲು ಕಾಗದ ಬೇಕಾಗಲಿಲ್ಲ. ಆ ಚೀಲ ತೊಟ್ಟಿಗೆ ಬಿದ್ದರೆ ಮೂರನೆಯ ದಿನಕ್ಕೆ ಹನ್ನೆರಡು ಸಾಲೂ ಒಣಹುಲ್ಲು.

ಅಡುಗೆಯವನು ದಪ್ಪನೆಯ, ನಗುಮುಖದ ಮನುಷ್ಯ. ತೊಟ್ಟಿಯ ಕೋಣೆಗೆ ಬಂದವನೇ ಮಾಮನ ಎರಡೂ ಕೈ ಹಿಡಿದುಕೊಂಡು, ನಾವಿಬ್ಬರೂ ನಾಲಿಗೆಯಿಂದಲೇ ಅನ್ನ ತಿನ್ನುವವರು ಎಂದ. ಹೆಂಗಸರು ಬಾಗಿಲಲ್ಲಿ ತುಂಬಿಕೊಂಡರು. ಭಾವ ಹಾಳೆ ಹಿಡಿದು ನಿಂತ. ಮಾಮ ಬೆನ್ನು ಮಾಡಿ ನಿಂತು, ಹನಿ ಬಿಟ್ಟುಕೊಂಡ. ಬೀರುವಿನ ಬಾಗಿಲು ಥಳಥಳ ಹೊಳೆಯುತ್ತಿತ್ತು, ಅದರಲ್ಲಿ ಎರಡೂವರೆ ಸ್ಪಷ್ಟವಾಗಿ ಓದುವ ಹಾಗಿತ್ತು. ಅವನಿಗೆ ಅಳು ಬಂತು.

"ಅಕ್ಕಾ, ನಂಗೆ ರುಚಿ ಗೊತ್ತಾಗ್ತಿಲ್ಲ," ಎಂದ. "ಜ್ವರ ಬಂದಾಗಿನಿಂದ ಇಲ್ಲ. ಮೂರು ತಿಂಗಳಿಂದ ನಾನು ಈ ಬೀರು ನೋಡ್ಕೊಂಡು ಹೇಳ್ತಿದ್ದೆ."

ಅಡುಗೆಯವನು ಹೊಟ್ಟೆ ಕುಲುಕಿಸಿ ನಕ್ಕ. ದೊಡ್ಡ ಕಸುಬುದಾರರೆಲ್ಲ ಹೀಗೇ, ಗುಟ್ಟು ಕೇಳಿದರೆ ನಂಗೇನೂ ಬರಲ್ಲ ಅಂತಾರೆ ಎಂದ. ಹೆಂಗಸರೂ ನಕ್ಕರು. ಅಕ್ಕ ನಗಲಿಲ್ಲವಾದರೂ, ನಿನ್ನೆ ಮೀಟರು ಕೆಟ್ಟಿದೆ ಅಂದೆ, ಇವತ್ತು ನಾನೇ ಕೆಟ್ಟಿದ್ದೀನಿ ಅಂತೀಯ, ಬಂದವರ ಮುಂದೆ ಹುಡುಗಾಟ ಬೇಡ ಎಂದು ಕಣ್ಣಲ್ಲೇ ಗದರಿದಳು. ಭಾವನಂತೂ ಸಿಟ್ಟಿಗೆದ್ದ. ಎಂಬತ್ತೇಳು ದಿನ ತಾನೇ ನಿಂತು ಪರೀಕ್ಷೆ ಮಾಡಿದ್ದು ಸುಳ್ಳೇ ಎಂದು ಕೇಳಿದ. ಇದೇ ಭಾವ ಅವನನ್ನು ಹತ್ತು ವರ್ಷ ನಂಬಿರಲಿಲ್ಲ. ಈಗ ನಂಬಬೇಡಿ ಎಂದರೂ ಬಿಡಲೊಲ್ಲ. ಅಕ್ಕ ಚೀಲವನ್ನು ತೊಟ್ಟಿಯ ಅಂಚಿಗೆ ಎತ್ತಿದಳು.

ಮಾಮ ಸುತ್ತ ನೋಡಿದ. ಅವನ ಹೆಂಡತಿ ಹೆಂಗಸರ ನಡುವೆ ನಿಂತಿದ್ದಳು, ಒಂದೇ ಒಂದು ಸಲ ತಲೆ ಆಡಿಸಿದಳು. ಅವನು ಬೀರುವಿನ ಬಾಗಿಲು ತೆರೆದು ಮೂರನೆಯ ಚೀಲಕ್ಕೆ ಕೈ ಹಾಕಿದ. ಅದು ಮೆಗ್ನೀಸಿಯಂ ಉಪ್ಪು. ಗಿಡಕ್ಕೆ ಹಸಿರು ಕೊಡುವುದು, ಹಿಂದೆಲ್ಲ ಡಾಕ್ಟರುಗಳು ಮನುಷ್ಯರ ಹೊಟ್ಟೆ ತೊಳೆಯಲು ಕೊಡುತ್ತಿದ್ದುದು. ಅದರ ಕಹಿಗೆ ಹುಟ್ಟಿದಾಗ ಕುಡಿದ ಹಾಲನ್ನೂ ಕಕ್ಕಬೇಕು. ಒಂದು ಹಿಡಿಯನ್ನು ಲೋಟಕ್ಕೆ ಹಾಕಿ, ನೀರು ಬೆರೆಸಿ, ಎಲ್ಲರೂ ನೋಡುತ್ತಿರುವಂತೆ, ಬೇಸಗೆಯಲ್ಲಿ ಶರಬತ್ತು ಕುಡಿಯುವವನ ಹಾಗೆ ಗಟಗಟ ಕುಡಿದ. ಹುಬ್ಬು ಅಲ್ಲಾಡಲಿಲ್ಲ. ತಳದಲ್ಲಿ ಉಳಿದದ್ದನ್ನು ಅಡುಗೆಯವನ ಮುಂದೆ ಹಿಡಿದ.

ಅಡುಗೆಯವನು ಬೆರಳು ಅದ್ದಿ ನೆಕ್ಕಿದ. ಅವನ ಮುಖ ಹಿಂಡಿದ ನಿಂಬೆಯ ಹಾಗಾಯಿತು, ಬೇಸಿನ್ನಿಗೆ ಓಡಿದ. ಮೂರು ಸಲ ಬಾಯಿ ತೊಳೆದು ಬಂದು, ಈಗ ನಗದೆ, ಅಕ್ಕನಿಗೆ ಹೇಳಿದ.

"ಅಮ್ಮಾ, ಇವರು ಹೇಳ್ತಿರೋದು ನಿಜ. ನಾಲಿಗೆ ಇರೋ ಮನುಷ್ಯ ಇದನ್ನ ಕುಡಿದು ಹಾಗೆ ನಿಂತಿರೋಕೆ ಆಗಲ್ಲ."

ಅಕ್ಕ ಚೀಲವನ್ನು ಕೆಳಗಿಟ್ಟಳು. ಭಾವ ಕಡ್ಡಿಯನ್ನು ತೊಟ್ಟಿಯಿಂದ ಹೊರಗೆಳೆದ. ಅದರ ತುದಿಗೆ ಬಿಳಿಯ ಪೊರೆ ಉಗುರಿನಷ್ಟು ದಪ್ಪಕ್ಕೆ ಕೂತಿತ್ತು. ಹಳೆಯ ಇನ್ಸ್‌ಪೆಕ್ಟರಿಗೆ ಅದನ್ನು ನೋಡಿದ ಮೇಲೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ಸುಮ್ಮನೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ತೊಳೆಯುವ ಬ್ರಷ್ ಹುಡುಕಾಡುವಷ್ಟರಲ್ಲಿ ಮಾಮನ ಹೊಟ್ಟೆಯಲ್ಲಿ ಗುಡುಗು ಶುರುವಾಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ದೊಡ್ಡವರು ಹೇಳಿದ್ದಾರೆ. ಆ ಉಪ್ಪು ತಿಂದವನು ಎಲ್ಲಿಗೆ ಓಡಬೇಕು ಎಂದು ಹೇಳಿಲ್ಲ. ಅವನು ಹೆಂಗಸರನ್ನು ಎರಡು ಕಡೆಗೆ ಸರಿಸಿಕೊಂಡು ಪಕ್ಕದ ಕಕ್ಕಸಿಗೆ ನುಗ್ಗಿ ಚಿಲಕ ಹಾಕಿಕೊಂಡ.

ಒಳಗೆ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಬ್ರಷ್ ತಿಕ್ಕುವ ಸದ್ದು, ಬಾಟಲಿಯ ಮುಚ್ಚಳದ ಸದ್ದು, ಆಮೇಲೆ ಕಡ್ಡಿ ತೊಟ್ಟಿಗೆ ಇಳಿದ ಸದ್ದು. ಅವನು ತಡೆಯಲಾಗದೆ ಒಳಗಿನಿಂದಲೇ ಎಷ್ಟು ಎಂದು ಕೇಳಿದ. ನಾಲ್ಕು ಪಾಯಿಂಟ್ ಎಂಟು ಎಂದು ಭಾವನ ದನಿ ಬಂತು. ಆ ಕೂಡಲೇ ಅಕ್ಕ ಹೆಂಗಸರಿಗೆ ಕೂಗಿ ಹೇಳುವುದು ಕೇಳಿಸಿತು: ತೊಟ್ಟಿಯ ನೀರು ಅರ್ಧ ಹೊರಗೆ ಬಿಡಿ, ಹೊಸ ನೀರಿನ ಕೊಳಾಯಿ ಪೂರ್ತಿ ತಿರುಗಿಸಿ, ಹನ್ನೆರಡನೆಯ ಸಾಲಿಗೆ ಮೊದಲು. ಕಾಲುಗಳು ಓಡಾಡಿದವು. ಅಡುಗೆಯವನು ಆ ಸಿಹಿಗೆ ಇನ್ನು ಏನು ಗತಿ ಎಂದು ಕೇಳಿದ. ಗಿಡ ಸಾಯದಂತೆ ಎಷ್ಟು ಉಪ್ಪಿಗೆ ಎಷ್ಟು ಸಿಹಿ ಬರುತ್ತದೆಂದು ಒಂದೊಂದೇ ಸಾಲಿನಲ್ಲಿ ಅಳೆದು ಹೇಳುತ್ತೇನೆ, ಎರಡು ವಾರ ಕೊಡಿ ಎಂದ ಭಾವ. ಅವನ ದನಿಯಲ್ಲಿ ಹೊಸ ಹುರುಪಿತ್ತು. ಅಡುಗೆಯವನು ಕಾಯುತ್ತೇನೆ ಎಂದು ಹೇಳಿ ಹೋದ.

ಕೊನೆಗೆ ಕಕ್ಕಸಿನ ಬಾಗಿಲ ಹೊರಗೆ ಅಕ್ಕನ ಚಪ್ಪಲಿ ಬಂದು ನಿಂತವು. ಬಾಗಿಲ ಕೆಳಗಿನ ಸಂದಿಯಲ್ಲಿ ಅವು ಕಾಣುತ್ತಿದ್ದವು.

"ಮೂರು ತಿಂಗಳು ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳಿದೆಯಲ್ಲೋ," ಎಂದಳು.

"ಹೂಂ."

"ಯಾಕೆ?"

ಅವನು ಬಕೆಟ್ಟಿನ ನೀರನ್ನು ನೋಡುತ್ತಾ ಹೇಳಿದ.

"ನನ್ನ ಹತ್ರ ಅದೊಂದೇ ಇತ್ತಲ್ಲ ಅಕ್ಕಾ. ಅದೂ ಇಲ್ಲ ಅಂತ ಹೇಗೆ ಹೇಳಲಿ?"

ಅಕ್ಕ ಏನಾದರೂ ಬೈಯುತ್ತಾಳೆಂದು ಅವನು ಕಾದ. ದಂಡಪಿಂಡ ಎನ್ನುತ್ತಾಳೆ, ಕಾಲುವೆ ತೊಳೆಯಲು ಹೋಗು ಎನ್ನುತ್ತಾಳೆ, ನೆಂಟರಿಗೆಲ್ಲ ಇನ್ನೊಂದು ವರ್ಷಕ್ಕಾಗುವಷ್ಟು ನಗು ಸಿಕ್ಕಿತು ಎಂದೆಲ್ಲ ಅವನ ತಲೆಯಲ್ಲಿ ಓಡುತ್ತಿತ್ತು.

"ನಾಳೆಯಿಂದ ಏಳು ಗಂಟೆಗೇ ಬಾ," ಎಂದಳು ಅಕ್ಕ. "ಮೀಟರು ನಿನ್ನ ಕೈಗೆ. ದಿನಾ ಕಡ್ಡಿ ತೊಳೆದು, ಸರಿಮಾಡಿ, ಆಮೇಲೆ ನೀನು ಹೇಳಿದ ಅಂಕಿ ಮೇಲೇ ಉಪ್ಪು ಹಾಕೋದು."

ಭಾವ ಹಿಂದಿನಿಂದ, ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗಾಯ್ತು ಇದು ಎಂದು ಗೊಣಗಿದ.

"ಬೀಗ ಎಲ್ಲಿ ಸಡಿಲ ಇದೆ ಅಂತ ಕಳ್ಳನಿಗಲ್ಲದೆ ನಿಮಗೆ ಗೊತ್ತಿತ್ತಾ? ಮೂರು ತಿಂಗಳು ಎದುರಿಗೇ ನಿಂತಿದ್ರಿ," ಎಂದಳು ಅಕ್ಕ. "ಇವನು ಬಾಯಿ ಬಿಡದೆ ಇದ್ದಿದ್ರೆ ಇವತ್ತು ನಾನೇ ನನ್ನ ಕೈಯಾರೆ ಎಲ್ಲಾ ಸಾಯಿಸ್ತಿದ್ದೆ."

ಒಳಗೆ ಮಾಮ ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದುಕೊಂಡ. ಐವತ್ತೈದು ವರ್ಷದ ಗಂಡಸು ಕಕ್ಕಸಿನಲ್ಲಿ ಕೂತು ಬಿಕ್ಕುವುದು ಎಂದರೇನು ಎಂದು ಕೊಳಾಯಿ ತಿರುಗಿಸಿ ಬಕೆಟ್ಟಿಗೆ ನೀರು ಬಿಟ್ಟ. ಆದರೂ ಒಂದು ದೊಡ್ಡ ಬಿಕ್ಕು ನೀರಿನ ಸದ್ದನ್ನು ದಾಟಿ ಹೊರಗೆ ಬಂತು. ತೊಟ್ಟಿಯ ಹತ್ತಿರ ನಿಂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು, ಏನದು ಎಂದು ಕೇಳಿದರು.

ಹುಟ್ಟಿದಾಗಿನಿಂದ ಒಂದು ಸುಳ್ಳೂ ಆಡದವಳು ಎಂದು ಹೆಸರು ಪಡೆದ ಅಕ್ಕ, ಬಾಗಿಲಿಗೆ ಅಡ್ಡ ನಿಂತುಕೊಂಡು, "ಏನಿಲ್ಲ, ಅವನ ಹೊಟ್ಟೆ ಸದ್ದು. ನೀವು ಕೆಲಸ ನೋಡಿ," ಎಂದಳು.